ಹೆಡ್‌ನೋಟ್ ಓದಿದವರಿಗೆ ಸಿಗದ ಸಾಲು

ಕೇಶವಾನಂದ ಭಾರತಿ ಕೇಸು ಅಂದ್ರೆ ಎಲ್ಲರಿಗೂ ಗೊತ್ತು. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ವಕೀಲ ಪಾಲ್ಖಿವಾಲಾ, 13 ನ್ಯಾಯಮೂರ್ತಿಗಳು, 68 ದಿನ ವಾದ. 1973ರ ಏಪ್ರಿಲ್ 24ಕ್ಕೆ 7-6ರ ತೀರ್ಪು: ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವ ಹಾಗಿಲ್ಲ. ಆದ್ರೆ ಈ ಮಾತು ಹುಟ್ಟಿದ್ದೆಲ್ಲಿ?

1964ರ ಸಜ್ಜನ್ ಸಿಂಗ್ ಪ್ರಕರಣ ತೆಗೆದು ನೋಡಿ. (ಅದು ಅಚ್ಚಾಗಿರೋದು 1965ರ ಸಂಪುಟದಲ್ಲಿ. ಹುಡುಕುವ ಹುಡುಗರು ಎಡವೋದೇ ಇಲ್ಲಿ.) ಗೆದ್ದದ್ದು ಸರ್ಕಾರ. ಆದರೂ ನ್ಯಾಯಮೂರ್ತಿ ಮುಧೋಳ್ಕರ್ ಒಂದು ಅನುಮಾನ ಬರೆದಿಟ್ಟರು. ಮೂಲ ಲಕ್ಷಣವನ್ನೇ ಬದಲಿಸಿದರೆ ಅದು ತಿದ್ದುಪಡಿಯೋ, ಸಂವಿಧಾನವನ್ನೇ ಹೊಸದಾಗಿ ಬರೆದಂತೆಯೋ? ಅದಕ್ಕೆ ಅವರು ನೆನೆದದ್ದು ಯಾವ ತೀರ್ಪನ್ನು ಗೊತ್ತಾ? ಪಾಕಿಸ್ತಾನದ ಸುಪ್ರೀಂ ಕೋರ್ಟ್ 1963ರಲ್ಲಿ ಕೊಟ್ಟದ್ದನ್ನು!

ತೀರ್ಪಿನ ಫಲಿತಾಂಶಕ್ಕೆ ಆ ಸಾಲು ಬೇಕಿರಲಿಲ್ಲ. ಹೆಡ್‌ನೋಟ್ ಮಾತ್ರ ಓದಿ, ಗೆದ್ದವರ್ಯಾರು ಅಂತ ಗುರುತು ಹಾಕ್ಕೊಂಡು ಮುಂದಿನ ಕೇಸಿಗೆ ಹೋಗುವವರಿಗೆ ಅದರ ತೂಕ ತಿಳಿಯೋದೇ ಇಲ್ಲ. ಇವತ್ತು ಎಷ್ಟೋ ಕಡೆ ಕಾನೂನು ಸಂಶೋಧನೆ ಅಂದ್ರೆ ಇಷ್ಟೇ. ಹುಡುಕು, ನಕಲು ಮಾಡು, ಅಂಟಿಸು.

1965ರ ಫೆಬ್ರವರಿಯಲ್ಲಿ ಜರ್ಮನಿಯ ಡೀಟ್ರಿಚ್ ಕಾನ್ರಾಡ್ ಬನಾರಸ್‌ನಲ್ಲಿ ಉಪನ್ಯಾಸ ಕೊಟ್ಟರು. ಮೂರನೇ ಎರಡು ಬಹುಮತ ಇದೆ ಅಂತ ಜೀವದ ಹಕ್ಕು ಕೊಡುವ 21ನೇ ವಿಧಿಯನ್ನೇ ಕಿತ್ತುಹಾಕಬಹುದಾ ಅಂತ ಕೇಳಿದರು. ವಕೀಲ ಎಂ.ಕೆ. ನಂಬಿಯಾರ್ ಆ ವಾದವನ್ನು ಗೋಲಕ್‌ನಾಥ್ ಕೇಸಿನಲ್ಲಿ ಕೋರ್ಟಿನ ಮುಂದಿಟ್ಟರು. ಆರು ವರ್ಷದ ನಂತರ ಕೇಶವಾನಂದ ತೀರ್ಪಿನಲ್ಲಿ, ತಕ್ಕಡಿಯನ್ನು ವಾಲಿಸಿದ ನ್ಯಾಯಮೂರ್ತಿ ಖನ್ನಾ, ಕಾನ್ರಾಡ್ ಹೆಸರು ಹೇಳಿಯೇ ಬರೆದರು.