ನೋ ಬಿಡ್

ತಂಬಾಕು ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ 'ನೋ ಬಿಡ್' ಎಂದರೇನೆಂದು ಬೇರೆ ಹೇಳಿಕೊಡಬೇಕಿಲ್ಲ. ನಮ್ಮ ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕಂಪನಿಯವರು ಬರುತ್ತಾರೆ, ಸೊಪ್ಪು ಮುಟ್ಟಿ ನೋಡುತ್ತಾರೆ, ಬೆಲೆ ಹಾಕುತ್ತಾರೆ. ಯಾರೂ ಬೆಲೆ ಹಾಕದೆ ಮುಂದೆ ಹೋದರೆ ಆ ಬೇಲು ನೋ ಬಿಡ್. ಅಪ್ಪ ಅದನ್ನು ಮನೆಗೆ ತಂದು, ಬಿಚ್ಚಿ, ಸೊಪ್ಪನ್ನು ಮತ್ತೆ ವಿಂಗಡಿಸಿ, ಇನ್ನೊಂದು ದಿನ ಮತ್ತೆ ಒಯ್ಯುತ್ತಾರೆ. ಮೊದಲ ದಿನ ಯಾರಿಗೂ ಬೇಡವಾಗಿದ್ದ ಸೊಪ್ಪಿಗೆ ಎರಡನೆಯ ಸಲ ಬೆಲೆ ಸಿಕ್ಕಿದ್ದೂ ಉಂಟು, ಸಿಗದೆ ಇದ್ದದ್ದೂ ಉಂಟು.

ನಾನು ಟಿವಿಗೆಂದು ಬರೆದ ಹಾಸ್ಯ ಸ್ಕ್ರಿಪ್ಟುಗಳು 3 ವರ್ಷಗಳಲ್ಲಿ 11 ಸಲ ನೋ ಬಿಡ್ ಆಗಿವೆ. ಒಂದು ಕಡೆ "ಚೆನ್ನಾಗಿದೆ, ಆದರೆ ಪಂಚ್ ಇಲ್ಲ" ಎಂದರು. ಇನ್ನೊಂದು ಕಡೆ ಉತ್ತರವೇ ಬರಲಿಲ್ಲ. ಆರು ತಿಂಗಳ ಮೇಲೆ ನನ್ನದೇ ಸನ್ನಿವೇಶವೊಂದು ಹೆಸರು ಬದಲಾಯಿಸಿಕೊಂಡು ತೆರೆಯ ಮೇಲೆ ಬಂತು. ಬ್ಯಾರನ್‌ಗೆ ಉರಿ ಹಾಕುತ್ತ ಕೂತಿದ್ದ ಅಪ್ಪ ಆ ರಾತ್ರಿ ಕೇಳಿದರು: "ಏನ್ ಮಗ, ನಿನ್ ತಮಾಷೆ ಟಿವೀಲಿ ಯಾವಾಗ ಬತ್ತದೆ?" ಬಂದುಹೋಯಿತು ಎನ್ನಲು ನನಗೆ ಬಾಯಿ ಬರಲಿಲ್ಲ.

ಆಗಲೇ ನನ್ನ ಪಿಎಚ್.ಡಿ.ಗಾಗಿ ಕನ್ನಡದ ಹಾಸ್ಯ ಪತ್ರಿಕೆಗಳ ಚರಿತ್ರೆ ಓದುತ್ತಿದ್ದೆ. ಒಂದು ಪ್ರಶ್ನೆ ಎದ್ದಿತು. ಹಾಸ್ಯ ಬರೆಯುತ್ತಲೇ ಇರಬೇಕು, ಪಟ್ಟು ಬಿಡಬಾರದು ಎಂದು ಎಲ್ಲರೂ ಹೇಳುತ್ತಾರೆ. ನಮಗಿಂತ ಮೊದಲು ಪಟ್ಟು ಬಿಡದೆ ಬರೆದವರು ಯಾವುದರ ಆಸರೆಯಲ್ಲಿ ನಿಂತಿದ್ದರು?

ಮೊದಲಿಗೆ ಕಣ್ಣಿಗೆ ಬೀಳುವುದು ಅವರ ನೌಕರಿಗಳು. ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿ, ಬಿಟ್ಟವರು. ನಾಟಕಗಳನ್ನು ಅವರು ಬಾಯಲ್ಲಿ ಹೇಳಿದರು, ಗೆಳೆಯರು ಬರೆದುಕೊಂಡರು. 'ಬೀಚಿ' ಎಂದೇ ಹೆಸರಾದ ರಾಯಸಂ ಭೀಮಸೇನರಾಯರು ಇದ್ದದ್ದು ಪೊಲೀಸ್ ಇಲಾಖೆಯಲ್ಲಿ. ನಾ. ಕಸ್ತೂರಿಯವರ ಮನೆಮಾತು ಮಲಯಾಳಂ. ಮೈಸೂರಿಗೆ ಬಂದು ಇತಿಹಾಸ ಪಾಠ ಮಾಡಿದರು, ಕನ್ನಡದಲ್ಲಿ ನಗಿಸಿದರು, ಪದಗಳಿಗೆ ಉಲ್ಟಾ ಅರ್ಥ ಕೊಟ್ಟು 'ಅನರ್ಥಕೋಶ' ಮಾಡಿದರು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದಾಗ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರೂ ಕಸ್ತೂರಿಯವರೇ ಎನ್ನುತ್ತಾರೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಆ ಮೇಷ್ಟ್ರ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ.

ಇವರಲ್ಲಿ ಹಾಸ್ಯ ಬರೆದೇ ಮನೆ ನಡೆಸಿದವರು ಕಡಿಮೆ. ಹಾಸ್ಯ ಅವರಿಗೆ ಸಂಜೆಯ ಕೆಲಸ. ಬರೆದದ್ದು ವಾಪಸು ಬಂದರೂ ಒಂದನೇ ತಾರೀಖು ಸಂಬಳ ಬರುತ್ತಿತ್ತು. ಅವರ ಛಲವನ್ನು ಹೊಗಳುವಾಗ ಆ ಸಂಬಳವನ್ನು ನಾವು ಮರೆಯುತ್ತೇವೆ.

ಆದರೆ ಸಂಬಳವೊಂದೇ ಬರೆಸುವುದಿಲ್ಲ. ಬರೆದದ್ದನ್ನು ಇಸಿದುಕೊಳ್ಳುವ ಒಂದು ಜಾಗ ಬೇಕು. 1942ರಲ್ಲಿ ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ, ಅಂದರೆ 'ರಾಶಿ', 'ಕೊರವಂಜಿ' ಮಾಸಪತ್ರಿಕೆ ಶುರು ಮಾಡಿದರು. ಎರಡನೇ ಮಹಾಯುದ್ಧದ ಕಾಲ. ಕಾಗದಕ್ಕೂ ಬರ, ಅಕ್ಕಿಗೂ ಬರ. ನಗೆ ಪತ್ರಿಕೆ ಹುಟ್ಟುವ ಹೊತ್ತೇ ಅಲ್ಲ ಅದು. ಆದರೂ 1967ರವರೆಗೆ, 25 ವರ್ಷ ನಡೆಯಿತು. ಮುಂದೆ 'ಕಾಮನ್ ಮ್ಯಾನ್'ನಿಂದ ದೇಶಕ್ಕೆಲ್ಲ ಗೊತ್ತಾದ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಶುರುವಿನ ದಿನಗಳಲ್ಲಿ ಚಿತ್ರ ಬರೆದದ್ದು ಇದಕ್ಕೆ. ಹಾಸ್ಯ ಗಂಡಸರ ಕಟ್ಟೆಹರಟೆ ಎಂದುಕೊಂಡಿದ್ದ ಕಾಲದಲ್ಲಿ ಟಿ. ಸುನಂದಮ್ಮ ಅಡುಗೆಮನೆ, ನೆಂಟರು, ಗಂಡ-ಹೆಂಡಿರ ಜಗಳಗಳನ್ನು ಇಟ್ಟುಕೊಂಡು ನಗಿಸಿದ್ದೂ ಇಲ್ಲಿಯೇ.

ತಿಂಗಳಿಗೊಂದು ಸಂಚಿಕೆ, ಒಂದೆರಡು ಪುಟದ ಬರಹ. ಈ ತಿಂಗಳದ್ದು ಸಪ್ಪೆಯಾದರೆ ಬರುವ ತಿಂಗಳು ಇನ್ನೊಂದು. ಓದುಗ ಮರೆಯುತ್ತಾನೆ, ಬರೆದವನು ಕಲಿಯುತ್ತಾನೆ. ಕೊರವಂಜಿಯ ನಿಜವಾದ ಕೊಡುಗೆ ಅದರ ಜೋಕುಗಳಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಸಣ್ಣದಾಗಿ ಸೋಲಲು ಅದು 25 ವರ್ಷ ಜಾಗ ಕೊಟ್ಟಿತು.

ಅಂಥದ್ದೇ ಇನ್ನೊಂದು ಜಾಗ ಕಂಪನಿ ನಾಟಕದ ರಂಗ. ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ವನ್ನು ಸಾವಿರಾರು ಸಲ ಆಡಿದರು, ಆದರೆ ಒಂದೇ ರೀತಿ ಆಡಲಿಲ್ಲ. ಬೆಳಗಿನ ಪತ್ರಿಕೆಯ ಸುದ್ದಿ ರಾತ್ರಿಯ ಮಾತಾಗುತ್ತಿತ್ತು. ನಗು ಬಾರದ ಸಾಲು ಮರುದಿನ ಉದುರುತ್ತಿತ್ತು. ಅಲ್ಲಿ ತಿದ್ದುವ ಸಂಪಾದಕರು ಮುಂದೆ ಕೂತ ಜನ.

ಇನ್ನು ಟಿವಿಗೆ ಬರೋಣ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಆ ದಶಕದ 'ಸಿಹಿಕಹಿ'ಯನ್ನು ನಮ್ಮ ತಲೆಮಾರಿನವರು ನೋಡಿಲ್ಲ; ಆದರೆ ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ ಗೊತ್ತು. 'ಕ್ರೇಜಿ ಕರ್ನಲ್' ಎಂದರೆ ರಮೇಶ್ ಭಟ್. ವಾರಕ್ಕೊಂದು ಸಂಚಿಕೆಯ ಆ ಕಾಲದ ಬರವಣಿಗೆಗೆ ಪತ್ರಿಕೆಯ ಲಯವೇ ಇತ್ತು. ಪತ್ರಿಕೆಗಳಲ್ಲಿ ಕೈ ಪಳಗಿದ ಎಂ.ಎಸ್. ನರಸಿಂಹಮೂರ್ತಿಯವರಂಥವರು ಟಿವಿಗೂ ಬರೆದದ್ದು ಹೀಗೆ.

1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ ಬಂದ ಮೇಲೆ ಲೆಕ್ಕ ಬದಲಾಯಿತು. 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ದಿನವೂ ಬಂದವು. ಶಾಲೆಯಿಂದ ಬಂದು ಪುಸ್ತಕ ಬಿಸಾಕಿ ಟಿವಿ ಮುಂದೆ ಕೂತ ಮಕ್ಕಳಲ್ಲಿ ನಾನೂ ಒಬ್ಬ. ಹೆಂಡತಿಯ ಕೈಲಿ ಒದೆ ತಿನ್ನುವ ಪಾಂಡು ನಮಗೆ ಪಕ್ಕದ ಮನೆಯವನಿದ್ದಂತೆ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ 20 ನಿಮಿಷದ ಮೇಲೆ ಸ್ವಲ್ಪ ಉಳಿಯುತ್ತದೆ. ಅಷ್ಟನ್ನು ದಿನಾ ತುಂಬಿಸಬೇಕು. ರಾಶಿಯವರ ಪತ್ರಿಕೆ ತಿಂಗಳಿಗೆ ಕೇಳುತ್ತಿದ್ದ ನಗೆಯನ್ನು ಟಿವಿ ಒಂದೆರಡು ದಿನದಲ್ಲಿ ನುಂಗುತ್ತದೆ.

ಇಷ್ಟು ತಿನ್ನುವ ಪೆಟ್ಟಿಗೆಗೆ ಬರೆಯುವವರು ಬೇಕೇ ಬೇಕಲ್ಲವೇ? ಬೇಕು. ಆದರೆ ಅವರ ಹೆಸರು ಯಾರಿಗೆ ಗೊತ್ತು? ಸಿಲ್ಲಿ ಲಲ್ಲಿ ರವಿಶಂಕರ್, ಪಾಪ ಪಾಂಡು ಚಿದಾನಂದ್ ಎನ್ನುತ್ತೇವೆ. ಧಾರಾವಾಹಿಯ ಹೆಸರು ನಟರಿಗೆ ಮನೆತನದ ಹೆಸರಿನಂತೆ ಅಂಟಿದೆ, ಅವರು ಅದಕ್ಕೆ ಯೋಗ್ಯರೂ ಹೌದು. ಬರೆದವರ ಹೆಸರು ಓಡುವ ಅಕ್ಷರಗಳಲ್ಲಿ ಹೋಗುತ್ತದೆ. 2016ರಲ್ಲಿ ಜೀ ಕನ್ನಡದ 'ಕಾಮಿಡಿ ಕಿಲಾಡಿಗಳು' ಬಂದಾಗ ಹಳ್ಳಿಯ ಹುಡುಗ-ಹುಡುಗಿಯರಿಗೆ ಬಾಗಿಲು ತೆರೆಯಿತು. ಮೊದಲ ಸೀಸನ್ ಗೆದ್ದ ಶಿವರಾಜ್ ಹೆಸರಿನ ಜೊತೆ ಕೆ.ಆರ್. ಪೇಟೆ ಎಂಬ ಊರೂ ಮನೆಮಾತಾಯಿತು. ನಮ್ಮ ಸೀಮೆಯ ಭಾಷೆ ತಮಾಷೆಗೆ ಗುರಿಯಾಗದೆ ತಾನೇ ತಮಾಷೆ ಮಾಡಿತು ಎಂದು ನನಗೆ ಖುಷಿಯಾಗಿತ್ತು. ಆದರೆ ಆ ಬಾಗಿಲೂ ನಟರಿಗೆ. ಬರೆಯುವವರಿಗೆ ಆಡಿಷನ್ ಇಲ್ಲ.

'ಕೊರವಂಜಿ' ನಿಂತ ಮೇಲೆ 1980ರ ದಶಕದಲ್ಲಿ 'ಅಪರಂಜಿ' ಬಂತು. ಬೇರೆ ಪತ್ರಿಕೆಗಳಲ್ಲಿ ಹಾಸ್ಯದ ಪುಟಗಳು ಕಿರಿದಾದವು. ಟಿವಿ ಆ ಪುಟಗಳಲ್ಲಿ ಬೆಳೆದವರನ್ನು ಬಳಸಿಕೊಂಡಿತು. ಹೊಸಬರನ್ನು ಬೆಳೆಸುವ ಪುಟವೊಂದನ್ನು ತಾನು ಮಾಡಲಿಲ್ಲ. ಅದಕ್ಕೇ ನನ್ನಂಥವರಿಗೆ ಇಂದು 'ಛಲ ಬಿಡಬೇಡ' ಎನ್ನುವುದು ಅರ್ಧ ಮಾತು. ಎಲ್ಲಿ ಕೂತು ಛಲ ಹಿಡಿಯಬೇಕು ಎಂಬುದು ಉಳಿದರ್ಧ.

ನನಗೆ ಸಿಕ್ಕ ಉತ್ತರ ದೊಡ್ಡದೇನಲ್ಲ. ನಮ್ಮ ಕಡೆ ಊರೂರಲ್ಲಿ 'ಕುರುಕ್ಷೇತ್ರ' ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ದುರ್ಯೋಧನನ ಮಾತಿಗೆ ಪುಸ್ತಕ ಉಂಟು, ಹಾಸ್ಯದ ಪಾತ್ರಕ್ಕೆ ಇಲ್ಲ. ಕಳೆದ ವರ್ಷ ಆ ಪಾತ್ರದ ಮಾತುಗಳನ್ನು ನಾನು ಬರೆದುಕೊಟ್ಟೆ. ಟಿವಿಯವರು ಮೆಚ್ಚಿದ್ದ ಒಂದೇ ಒಂದು ಜೋಕು ಅಲ್ಲಿ ಸತ್ತಿತು. ಪಂಚ್ ಇಲ್ಲ ಅನ್ನಿಸಿಕೊಂಡಿದ್ದ, ಬ್ಯಾರನ್ ಕಾಯುತ್ತ ನಿದ್ದೆಹೋದವನ ಸನ್ನಿವೇಶಕ್ಕೆ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಬ್ಯಾರನ್ ಏನೆಂದು ಅವರಿಗೆ ವಿವರಿಸಬೇಕಾಗಿರಲಿಲ್ಲ. ಬೆಂಗಳೂರಿನವರಿಗೆ ಕಳಿಸುವಾಗ ಅದನ್ನು ವಿವರಿಸದೆ ಬಿಟ್ಟಿದ್ದೆ ಎಂದು ಆಗ ಹೊಳೆಯಿತು. ತಪ್ಪು ಪೂರ್ತಿ ಅವರದಾಗಿರಲಿಲ್ಲ.

ಸೊಪ್ಪು ಹಳದಿಗೆ ತಿರುಗುವ ಮೊದಲೇ ಉರಿ ಏರಿಸಿದರೆ ಅದು ಹಸಿರಾಗಿಯೇ ಒಣಗುತ್ತದೆ ಎಂದು ಅಪ್ಪ ಹೇಳುತ್ತಿರುತ್ತಾರೆ. ನನ್ನ 11ರಲ್ಲಿ ಎಷ್ಟು ಹಾಗೆ ಒಣಗಿದವು, ಎಷ್ಟನ್ನು ನೋಡುವವರು ಮುಟ್ಟದೇ ಮುಂದೆ ಹೋದರು ಎಂದು ವಿಂಗಡಿಸುತ್ತಿದ್ದೇನೆ. ಪ್ರಬಂಧ ಮುಗಿಸಿ ಎಲ್ಲಾದರೂ ಪಾಠ ಹೇಳುವ ಕೆಲಸ ಹಿಡಿಯಬೇಕು. ಕಸ್ತೂರಿಯವರ ದಾರಿಯಲ್ಲಿ ಅದಕ್ಕೇನೂ ನಾಚಿಕೆಯಿಲ್ಲ. ಬ್ಯಾರನ್ ಸನ್ನಿವೇಶವನ್ನು ತಿದ್ದಿ ಬರೆದಿದ್ದೇನೆ. ಬರುವ ವಾರ 12ನೇ ಸಲ ಕಳಿಸುತ್ತೇನೆ.