ಪುಣೆಯ ಮುರಳೀಕಾಂತ ಪೇಟಕರರು

ನವೆಂಬರ 1 ಎಂದೊಡನೆ ನಮ್ಮವರಿಗೆ ನೆನಪಾಗುವುದು 1956ರ ಏಕೀಕರಣ. ಅದೇ ದಿನ ಇಂದಿನ ಸಾಂಗಲಿ ಜಿಲ್ಲೆಯ ಪೇಠ ಇಸ್ಲಾಂಪುರದ ಬಾಲಕನೊಬ್ಬನಿಗೆ ಹನ್ನೆರಡು ವರುಷ ತುಂಬಿತು. ಕನ್ನಡ ಮಾತಿನ ಜತ್ತ ಸೀಮೆಯನ್ನೊಳಗೊಂಡ ಆ ಜಿಲ್ಲೆಯಲ್ಲಿ 1944ರ ನವೆಂಬರ 1ರಂದು ಜನಿಸಿದ ಮುರಳೀಕಾಂತ ಪೇಟಕರರು ಮುಂದೆ ಪುಣೆಯವರಾದರು. ಅವರು ಮರಾಠಿಗರು; ಆದರೇನು? ನಮಗೆ ಅನ್ನ ನೀರು ಕೊಟ್ಟ ಊರಿನ ವೀರನನ್ನು ಈ ಸಂಚಿಕೆಯಲ್ಲಿ ನೆನೆಯುವುದು ಉಚಿತವೇ ಸರಿ.

ಎಳೆಯ ವಯಸ್ಸಿನಲ್ಲಿಯೇ ಸೈನ್ಯವನ್ನು ಸೇರಿದ ಪೇಟಕರರು ಮುಷ್ಟಿಯುದ್ಧದಲ್ಲಿ ಹೆಸರು ಗಳಿಸಿದರು. 1965ರ ಯುದ್ಧದಲ್ಲಿ ಹಲವು ಗುಂಡುಗಳು ಅವರ ಮೈಯನ್ನು ಹೊಕ್ಕವು. ಒಂದು ಬೆನ್ನುಹುರಿಯ ಬಳಿ ನಿಂತುಬಿಟ್ಟಿತು. ಕಾಲುಗಳು ಸ್ವಾಧೀನ ತಪ್ಪಿದವು. ಮುಂಬಯಿಯ ನೌಕಾ ಆಸ್ಪತ್ರೆ ಅಶ್ವಿನಿಯಲ್ಲಿ ಚಿಕಿತ್ಸೆ ನಡೆಯಿತು. ಮುಂದೆ ಅವರು ಹಿಡಿದದ್ದು ಈಜಿನ ದಾರಿ. ನೆಲದ ಮೇಲೆ ಹೊರೆಯಾಗುವ ದೇಹವನ್ನು ನೀರು ಎತ್ತಿ ಹಿಡಿಯುತ್ತದೆ. ಉಳಿದ ಕೆಲಸವೆಲ್ಲ ತೋಳುಗಳದು. ಮುಷ್ಟಿಮಲ್ಲನಿಗೆ ತೋಳಿನ ಕೊರತೆಯೆಲ್ಲಿ!

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್ಮನ್ನರು 1948ರಲ್ಲಿ ಗಾಯಾಳು ಸೈನಿಕರಿಗಾಗಿ ಪಂದ್ಯಗಳನ್ನು ಏರ್ಪಡಿಸಿದ್ದರು. ಪ್ಯಾರಾಲಿಂಪಿಕ್ಸ್ ಎಂಬ ಮಹಾಕ್ರೀಡಾಕೂಟ ಬೆಳೆದದ್ದು ಅದರಿಂದಲೇ. ಪೇಟಕರರು 1968ರಲ್ಲಿ ಟೆಲ್ ಅವೀವಿಗೆ ಹೋಗಿ ಟೇಬಲ್ ಟೆನ್ನಿಸ್ ಆಡಿದರು. 1972ರ ಆಗಸ್ಟಿನಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರು ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ, ವಿಶ್ವದಾಖಲೆಯೊಡನೆ ಚಿನ್ನದ ಪದಕವನ್ನು ಗೆದ್ದರು. ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಭರ್ಜಿ ಎಸೆತದಲ್ಲಿಯೂ, ಗಾಲಿಕುರ್ಚಿಯ ಸ್ಲಾಲಮ್ ಪಂದ್ಯದಲ್ಲಿಯೂ ಅಂತಿಮ ಸುತ್ತನ್ನು ಮುಟ್ಟಿದರು.

ಊರಿಗೆ ಮರಳಿ ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ದುಡಿದರು. ದೇಶವು ಅವರನ್ನು ಬಹುಮಟ್ಟಿಗೆ ಮರೆಯಿತು. 1982ರಲ್ಲಿ ಅರ್ಜುನ ಪ್ರಶಸ್ತಿಗಾಗಿ ಮಾಡಿದ ಕೋರಿಕೆ ಫಲಿಸಲಿಲ್ಲ. 2008ರಲ್ಲಿ ಅಭಿನವ ಬಿಂದ್ರಾ ಚಿನ್ನ ಗೆದ್ದಾಗ, ಭಾರತದ ಮೊದಲ ವೈಯಕ್ತಿಕ ಚಿನ್ನವೆಂದು ಎಲ್ಲರೂ ಕೊಂಡಾಡಿದೆವು. ಒಲಿಂಪಿಕ್ಸಿನ ಮಟ್ಟಿಗೆ ಅದು ದಿಟ. ಮೂವತ್ತಾರು ವರುಷ ಹಿಂದಿನ ಇನ್ನೊಂದು ಚಿನ್ನ ಪುಣೆಯಲ್ಲಿರುವುದನ್ನು ಎಷ್ಟು ಜನ ನೆನೆದರೋ ಕಾಣೆ. ನಾವೂ ನೆನೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು.

ನಮ್ಮ ಉಡುಪಿ ಸೀಮೆಯ ಕೋಟದವರಾದ ಮಾಲತಿ ಹೊಳ್ಳರ ಮಾತೂ ಇಲ್ಲಿ ಬರಬೇಕು. ಪೋಲಿಯೋದಿಂದ ಗಾಲಿಕುರ್ಚಿ ಹಿಡಿದ ಈ ಕ್ರೀಡಾಪಟು ಬೆಂಗಳೂರಿನಲ್ಲಿ ಮಾತೃ ಫೌಂಡೇಶನ್ನಿನ ಮೂಲಕ ಅಂಗವಿಕಲ ಮಕ್ಕಳಿಗೆ ಆಶ್ರಯ ಕೊಟ್ಟವರು. ಅವರಿಗೆ 1995ರಲ್ಲಿಯೇ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಬಂದವು. ಅವರಿಗಿಂತ ಹಿರಿಯರಾದ ಪೇಟಕರರಿಗೆ ಪದ್ಮಶ್ರೀ ದೊರೆತದ್ದು 2018ರಲ್ಲಿ. ಅರ್ಜುನ ಪ್ರಶಸ್ತಿ 2025ರ ಜನವರಿಯಲ್ಲಿ ಕೈಸೇರಿದಾಗ ಅವರಿಗೆ ಎಂಬತ್ತು ವರುಷ.