ಸಾಲುಮನೆಯ ಅಂಗಳ, ನದಿಯ ಲೆಕ್ಕ: ಮಲೇಷ್ಯಾದ ಕೈತೋಟಗಳಲ್ಲಿ ಮಳೆನೀರಿನ ಬಳಕೆ

ಮಲೇಷ್ಯಾ ಪರ್ಯಾಯದ್ವೀಪದಲ್ಲಿ ವರ್ಷಕ್ಕೆ ಸರಾಸರಿ 2,500 ಮಿ.ಮೀ. ಮಳೆಯಾಗುತ್ತದೆ. ಇಷ್ಟು ಮಳೆ ಕಾಣುವ ನಾಡಿನಲ್ಲೇ 1998ರಲ್ಲಿ ರಾಜಧಾನಿ ಕ್ವಾಲಾಲಂಪುರ ಮತ್ತು ಅದರ ಸುತ್ತಲ ಕ್ಲಾಂಗ್ ಕಣಿವೆಯ ಮನೆಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಎಲ್ ನಿನೊ ತಂದ ಬರದಿಂದ ಜಲಾಶಯಗಳು ತಳ ಕಂಡಿದ್ದವು. ಮರುವರ್ಷವೇ ವಸತಿ ಮತ್ತು ಸ್ಥಳೀಯಾಡಳಿತ ಸಚಿವಾಲಯ ಮನೆಗಳಲ್ಲಿ ಮಳೆನೀರು ಹಿಡಿದಿಟ್ಟು ಬಳಸುವ ಮಾರ್ಗಸೂಚಿಯನ್ನು ಹೊರಡಿಸಿತು. ಗಿಡಕ್ಕೆ ಹಾಕಲು, ಕಾರು ತೊಳೆಯಲು ಶುದ್ಧೀಕರಿಸಿದ ನೀರೇ ಏಕೆ ಎಂಬ ಪ್ರಶ್ನೆ ಅಂದಿನಿಂದ ಅಲ್ಲಿ ಚರ್ಚೆಯಲ್ಲಿದೆ. ಕೈತೋಟದಲ್ಲಿ ನೀರು ಉಳಿಸಿದ್ದರಿಂದ ಆಗುವ ಲಾಭ ಮನೆಯವರಿಗೆ ಸಿಗುವುದು ಅಲ್ಪ, ನದಿಗೂ ಕೆಳಪಾತ್ರದ ಜನರಿಗೂ ಸಿಗುವುದು ಹೆಚ್ಚು ಎಂಬುದು ಈ ಲೇಖನದ ವಾದ. ಲಾಭ ಎಲ್ಲರದಾಗಿರುವಾಗ ಖರ್ಚನ್ನು ಒಬ್ಬರ ಮೇಲೆ ಹೊರಿಸುವ ನೀತಿ ನಿಲ್ಲಲಾರದು.

ಮೊದಲು ಮನೆಯ ಲೆಕ್ಕ ನೋಡೋಣ. 100 ಚದರ ಮೀಟರ್ ಚಾವಣಿಯ ಮೇಲೆ ವರ್ಷವಿಡೀ ಬಿದ್ದ ಮಳೆಯಲ್ಲಿ ಶೇ. 80ರಷ್ಟು ಕೈಗೆ ಸಿಕ್ಕಿದರೆ ಅದು 200 ಘನ ಮೀಟರ್, ಅಂದರೆ ಎರಡು ಲಕ್ಷ ಲೀಟರ್. ಸೆಲಂಗೋರ್ ರಾಜ್ಯದಲ್ಲಿ 2024ರ ಫೆಬ್ರುವರಿಯಲ್ಲಿ ದರ ಏರಿದ ಮೇಲೂ ಮನೆಬಳಕೆಯ ತಿಂಗಳ ಮೊದಲ 20 ಘನ ಮೀಟರ್‌ಗೆ ತಲಾ 65 ಸೆನ್ (0.65 ರಿಂಗಿಟ್) ಮಾತ್ರ ಇತ್ತು. ಆ ದರದಲ್ಲಿ, ಹಿಡಿದ ನೀರನ್ನೆಲ್ಲ ಬಳಸಿದರೂ ವರ್ಷಕ್ಕೆ ಉಳಿಯುವುದು 130 ರಿಂಗಿಟ್. ಅದೇ ರಾಜ್ಯದಲ್ಲಿ 2008ರಿಂದ ಹಲವು ವರ್ಷ ತಿಂಗಳಿಗೆ ಮೊದಲ 20 ಘನ ಮೀಟರ್ ನೀರನ್ನು ಉಚಿತವಾಗಿಯೇ ಕೊಡಲಾಗುತ್ತಿತ್ತು. ತೊಟ್ಟಿ, ಕೊಳವೆ, ಪಂಪಿನ ಖರ್ಚು ಈ ಉಳಿತಾಯದಿಂದ ಹುಟ್ಟಲು ಎಷ್ಟು ಕಾಲ ಬೇಕೆಂದು ಯಾವ ಗೃಹಸ್ಥನೂ ಕ್ಷಣದಲ್ಲಿ ಅಂದಾಜು ಮಾಡಬಲ್ಲ. ನೀರಿನ ಬಿಲ್ ತಗ್ಗುತ್ತದೆ ಎಂಬ ಪ್ರಚಾರಕ್ಕೆ ಅಲ್ಲಿ ಬಲ ಬಾರದಿರುವುದು ಸಹಜ.

ಇನ್ನು ನದಿಯ ಲೆಕ್ಕ. ಕ್ಲಾಂಗ್ ಕಣಿವೆಗೆ ತನ್ನ ನದಿಗಳ ನೀರು ಸಾಲದಾದಾಗ, ನೆರೆಯ ಪಹಾಂಗ್ ರಾಜ್ಯದ ಸೆಮಂತಾನ್ ನದಿಯಿಂದ ನೀರು ತರಲು ಬೆಟ್ಟದ ಅಡಿಯಲ್ಲಿ 44.6 ಕಿ.ಮೀ. ಉದ್ದದ ಸುರಂಗ ಕೊರೆಯಲಾಯಿತು. ಅಂಗಳದ ಹುಲ್ಲಿಗೆ ನಲ್ಲಿ ತಿರುಗಿಸಿದಾಗ ಬರುವುದರಲ್ಲಿ ಈ ನೀರೂ ಇದೆ. ಇನ್ನೊಂದು ಕಣಿವೆಯ ನದಿಯಿಂದ ತಂದು, ಶುದ್ಧೀಕರಿಸಿ, ಒತ್ತಡ ಕೊಟ್ಟು ಕಳಿಸಿದ ನೀರಿನ ನಿಜವಾದ ಬೆಲೆ 65 ಸೆನ್ ಅಲ್ಲ. ಬಿಲ್‌ನಲ್ಲಿ ಕಾಣದ ಆ ವ್ಯತ್ಯಾಸವನ್ನು ಸಮಾಜವೂ ಪ್ರಕೃತಿಯೂ ಭರಿಸುತ್ತಿವೆ.

ತೋಟದ ಬೇಡಿಕೆಯಂತೂ ದೊಡ್ಡದಲ್ಲ. ದಿನಕ್ಕೆ 4 ಮಿ.ಮೀ. ನೀರು ಆವಿಯಾಗುತ್ತದೆಂದು ಹಿಡಿದರೆ 40 ಚದರ ಮೀಟರ್ ತೋಟಕ್ಕೆ 160 ಲೀಟರ್ ಸಾಕು. ಸಾವಿರ ಲೀಟರ್‌ನ ತೊಟ್ಟಿ ಆರು ದಿನ ಬರುತ್ತದೆ. ವರ್ಷದ ಬಹುಪಾಲು ಅಷ್ಟರೊಳಗೆ ಇನ್ನೊಂದು ಮಳೆ ಬಂದಿರುತ್ತದೆ. ಹಸಿಹುಲ್ಲಿನ ಹಾಸನ್ನು ಕಡಿಮೆ ಮಾಡಿ, ಬುಡಕ್ಕೆ ಒಣ ಎಲೆಯ ಹೊದಿಕೆ ಕೊಟ್ಟು, ಆ ನೆಲದ ಗಿಡಗಳನ್ನೇ ಬೆಳೆಸಿದರೆ ಬೇಡಿಕೆ ಇನ್ನೂ ಇಳಿಯುತ್ತದೆ. ಮಲಯರು ಹಸಿಯಾಗಿ ತಿನ್ನುವ ಉಲಾಮ್ ಸೊಪ್ಪುಗಳು, ನಾವು ತಂಬುಳಿಗೆ ಬಳಸುವ ಒಂದೆಲಗ, ಅರಿಸಿನ, ನಿಂಬೆಹುಲ್ಲು, ಕರಿಬೇವು ಎಲ್ಲ ಅಲ್ಲಿನ ಹಿತ್ತಲಲ್ಲಿ ಸಲೀಸಾಗಿ ಬರುತ್ತವೆ. ಹಳೆಯ ಮಲಯ ಮನೆಗಳ ಮೆಟ್ಟಿಲ ಬುಡದಲ್ಲಿ ಕಾಲು ತೊಳೆಯಲು ತೆಂಪಾಯಾನ್ ಎಂಬ ಮಣ್ಣಿನ ಗುಡಾಣ ಇರುತ್ತಿತ್ತು. ಬಾಗಿಲಲ್ಲೇ ನೀರಿಟ್ಟುಕೊಳ್ಳುವ ರೂಢಿ ಆ ನಾಡಿಗೆ ಹೊಸದಲ್ಲ.

ತೊಡಕಿರುವುದು ಬಿರುಮಳೆಯಲ್ಲಿ. ಪಶ್ಚಿಮ ಕರಾವಳಿಯಲ್ಲಿ ಮಧ್ಯಾಹ್ನ ಕಳೆಯುತ್ತಲೇ ಗುಡುಗಿನೊಂದಿಗೆ ಸುರಿಯುವ ಮಳೆ 50 ಮಿ.ಮೀ. ಆದರೆ, 100 ಚದರ ಮೀಟರ್ ಚಾವಣಿಯಿಂದಲೇ 5,000 ಲೀಟರ್ ನೀರು ಚರಂಡಿಗೆ ಧುಮುಕುತ್ತದೆ. ಕಾರು ನಿಲ್ಲಿಸಲೆಂದು ಮುಂದಿನ ಅಂಗಳಕ್ಕೂ ಟೈಲ್ಸ್ ಹಾಸಿದ ಸಾಲುಮನೆಗಳಲ್ಲಿ ಒಂದು ಹನಿಯೂ ಇಂಗುವುದಿಲ್ಲ. ನೀರಾವರಿ ಮತ್ತು ಚರಂಡಿ ಇಲಾಖೆಯ ಮಳೆನೀರು ನಿರ್ವಹಣಾ ಕೈಪಿಡಿ 2001ರಲ್ಲಿ ಜಾರಿಗೆ ಬಂದಾಗ ಚಿಂತನೆಯೇ ಬದಲಾಯಿತು: ನೀರನ್ನು ಬೇಗ ಹೊರಗೆ ಸಾಗಿಸುವ ಬದಲು ಬಿದ್ದಲ್ಲೇ ತಡೆದು ನಿಧಾನವಾಗಿ ಬಿಡಬೇಕೆಂದು ಅದು ಹೇಳಿತು. ಆದರೆ ತೋಟಕ್ಕೆ ಬೇಕಾದದ್ದು ತುಂಬಿದ ತೊಟ್ಟಿ, ನೆರೆ ತಡೆಯಲು ಬೇಕಾದದ್ದು ಖಾಲಿ ತೊಟ್ಟಿ. ಈ ವಿರೋಧವನ್ನು ಕಡೆಗಣಿಸಿ ಎರಡೂ ಲಾಭಗಳನ್ನು ಕೂಡಿಸಿ ಹೇಳುವ ಬರಹಗಳು ಓದುಗರಿಗೆ ನ್ಯಾಯ ಮಾಡುವುದಿಲ್ಲ. ತೊಟ್ಟಿಯ ಕೆಳಭಾಗವನ್ನು ತೋಟಕ್ಕೆ ಮೀಸಲಿಟ್ಟು, ನಡುವಿನಲ್ಲಿ ಸಣ್ಣ ರಂಧ್ರವಿಟ್ಟು, ಮೇಲ್ಭಾಗದ ನೀರು ಕೆಲವು ಗಂಟೆಗಳಲ್ಲಿ ತಾನೇ ಇಳಿದುಹೋಗುವಂತೆ ಮಾಡುವುದು ಸರಳ ಪರಿಹಾರ. 2021ರ ಡಿಸೆಂಬರ್‌ನಲ್ಲಿ ಶಾ ಆಲಮ್‌ನ ತಮನ್ ಶ್ರೀ ಮುದಾವನ್ನು ಮುಳುಗಿಸಿದಂಥ ನೆರೆಯನ್ನು ಇದು ತಡೆಯಲಾರದು. ಪದೇ ಪದೇ ಬೀದಿಗೆ ನುಗ್ಗುವ ಸಣ್ಣ ನೆರೆಗಳನ್ನು ತಗ್ಗಿಸಬಲ್ಲದು, ಅದೂ ಬೀದಿಯ ಬಹುಪಾಲು ಮನೆಗಳು ಕೈಜೋಡಿಸಿದರೆ ಮಾತ್ರ.

ತೊಟ್ಟಿಯ ಬೆಲೆ ತಿಳಿಯುವುದು ನಲ್ಲಿ ನಿಂತಾಗ. 2020ರ ಸೆಪ್ಟೆಂಬರ್‌ನಲ್ಲಿ ರವಾಂಗ್ ಬಳಿಯ ಸುಂಗಾಯ್ ಗೊಂಗ್ ಹೊಳೆ ಮಲಿನಗೊಂಡು ನಾಲ್ಕು ಶುದ್ಧೀಕರಣ ಘಟಕಗಳನ್ನು ಮುಚ್ಚಿದಾಗ ಸುಮಾರು 12 ಲಕ್ಷ ಸಂಪರ್ಕಗಳಿಗೆ ನೀರು ನಿಂತಿತು. ಅಂಥ ದಿನ ಶೌಚಕ್ಕೂ ತೊಳೆಯಲಿಕ್ಕೂ ಹಿತ್ತಲಲ್ಲಿ ಸಾವಿರ ಲೀಟರ್ ಇರುವ ಮನೆ ನೀರಿನ ಲಾರಿಯ ಸಾಲಿನಲ್ಲಿ ಒಂದು ಕೊಡವನ್ನು ಪಕ್ಕದವರಿಗೆ ಬಿಟ್ಟುಕೊಡಬಲ್ಲದು.

ಒಂದು ಅಪಾಯವನ್ನು ಹೇಳಲೇಬೇಕು. 2019ರಲ್ಲಿ ಮಲೇಷ್ಯಾದಲ್ಲಿ 1,30,000ಕ್ಕೂ ಹೆಚ್ಚು ಡೆಂಗಿ ಪ್ರಕರಣಗಳು ದಾಖಲಾದವು. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯ ಸುತ್ತ ನಿಂತ ತಿಳಿನೀರಿನಲ್ಲೇ. ರೋಗವಾಹಕ ಕೀಟಗಳ ನಾಶಕ್ಕೆಂದು 1975ರಲ್ಲಿ ತಂದ ಕಾಯ್ದೆಯಡಿ ಲಾರ್ವಾ ಕಂಡ ಮನೆಗೆ ದಂಡ ಬೀಳುತ್ತದೆ. ಬಾಯ್ತೆರೆದ ಪೀಪಾಯಿ ಇಡುವುದಕ್ಕಿಂತ ಇಡದಿರುವುದೇ ಲೇಸು. ಒಳಹರಿವಿಗೂ ಹೊರಹರಿವಿಗೂ ಸಣ್ಣ ಕಣ್ಣಿನ ಜಾಲರಿ, ಬಿಗಿಯಾದ ಮುಚ್ಚಳ, ಎಲೆ ಕಟ್ಟಿಕೊಳ್ಳದ ಚಾವಣಿಯ ದೋಣಿ ಇವೆಲ್ಲ ಇದ್ದರೆ ಮಾತ್ರ ಮಳೆನೀರಿನ ತೊಟ್ಟಿ ಊರಿಗೆ ಉಪಕಾರಿ.

ಬೆಂಗಳೂರಿನೊಡನೆ ಹೋಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಅಲ್ಲಿ ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಕೊಳವೆಬಾವಿ ಬತ್ತಿ, ಟ್ಯಾಂಕರ್‌ಗೆ ದುಡ್ಡು ತೆತ್ತ ಬೆಂಗಳೂರಿಗನಿಗೆ ಮಳೆನೀರಿನ ಬೆಲೆ ಗೊತ್ತು. ನಲ್ಲಿನೀರು ಅಗ್ಗವಾಗಿ ಸಿಗುವ ಕ್ಲಾಂಗ್ ಕಣಿವೆಯಲ್ಲಿ ಆ ಒತ್ತಾಯವಿಲ್ಲ. ಅಲ್ಲಿಗೆ ದಂಡಕ್ಕಿಂತ ಪ್ರೋತ್ಸಾಹವೇ ಹೊಂದುತ್ತದೆ. ಪೆತಾಲಿಂಗ್ ಜಯಾ ನಗರಸಭೆ ಮಳೆನೀರು ಬಳಕೆಯಂಥ ಹಸಿರು ಕ್ರಮಗಳನ್ನು ಅಳವಡಿಸಿಕೊಂಡ ಮನೆಗಳಿಗೆ ಮನೆತೆರಿಗೆಯಲ್ಲಿ ರಿಯಾಯಿತಿ ಕೊಡುತ್ತಿರುವುದು ಸರಿಯಾದ ದಾರಿ.

ಮಲೇಷ್ಯಾದ ಕಟ್ಟಡ ನಿಯಮದಲ್ಲಿ ಮಾತ್ರ ಒಂದು ಕೊರತೆಯಿದೆ. ಸೆಲಂಗೋರ್ ಸೇರಿದಂತೆ ಕೆಲವು ರಾಜ್ಯಗಳು ಒಪ್ಪಿಕೊಂಡ ಮಳೆನೀರು ಸಂಗ್ರಹದ ತಿದ್ದುಪಡಿ 100 ಚದರ ಮೀಟರ್‌ಗಿಂತ ದೊಡ್ಡ ಚಾವಣಿಯ ಬಂಗಲೆ ಮತ್ತು ಜೋಡಿಮನೆಗಳನ್ನು ಮುಖ್ಯವಾಗಿ ಗುರಿಯಾಗಿಸಿತು. ನಗರದ ಮಧ್ಯಮವರ್ಗ ಬದುಕುವ ಸಾಲುಮನೆಗಳು ಹೊರಗುಳಿದವು. ಸಾಲುಮನೆಯಲ್ಲೂ ಇದು ಸಾಧ್ಯವೆಂಬುದನ್ನು ರಾಷ್ಟ್ರೀಯ ಜಲಸಂಶೋಧನಾ ಸಂಸ್ಥೆಯಾದ ನಹ್ರಿಮ್ ಕ್ವಾಲಾಲಂಪುರದ ತಮನ್ ವಾಂಗ್ಸಾ ಮೆಲಾವತಿಯ ಎರಡಂತಸ್ತಿನ ಮನೆಯೊಂದರಲ್ಲಿ ಬಹಳ ಹಿಂದೆಯೇ ಪ್ರಯೋಗ ಮಾಡಿ ತೋರಿಸಿತ್ತು. ಒಂದೊಂದು ಮನೆಯಲ್ಲೂ ತೊಟ್ಟಿಗೆ ಜಾಗ ಹುಡುಕುವ ಬದಲು, ಸಾಲಿನ ಹಿಂದಿನ ಓಣಿಯಲ್ಲಿ ನಾಲ್ಕೈದು ಮನೆಗಳಿಗೆ ಸೇರಿ ಒಂದು ತೊಟ್ಟಿ ಹೂಳಬಹುದು. ಅದರ ಜಾಲರಿ, ದೋಣಿ, ಹೂಳನ್ನು ನೋಡಿಕೊಳ್ಳಲು 1975ರಿಂದ ಬಡಾವಣೆಗಳಲ್ಲಿರುವ ರುಕುನ್ ತೆತಂಗ್ಗಾ ನೆರೆಹೊರೆ ಸಮಿತಿಗಳಿವೆ, ಎಲ್ಲರೂ ಸೇರಿ ದುಡಿಯುವ ಗೊತೊಂಗ್ ರೊಯೊಂಗ್ ಪದ್ಧತಿಯಿದೆ. ತೆರಿಗೆ ರಿಯಾಯಿತಿಯನ್ನು ತೊಟ್ಟಿಯ ಒಟ್ಟು ಗಾತ್ರದ ಮೇಲಷ್ಟೇ ಕೊಡದೆ, ಮಳೆಗೆ ಮುನ್ನ ಖಾಲಿಯಿಡುವ ಪಾಲಿನ ಮೇಲೂ ಕೊಟ್ಟರೆ, ಕೆಳಬೀದಿಯವರಿಗೆ ಆದ ಉಪಕಾರದ ಲೆಕ್ಕವೂ ಅದರಲ್ಲಿ ಸೇರುತ್ತದೆ.